ಕೈ ಹಚ್ಚದ ಫೀ

ಮೊನ್ನೆ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಯಂತ್ರದೊಳಗೆ ಹೋಗುವಾಗ ಪರದೆಯತ್ತ ಕಣ್ಣು ಹಾಯಿತು. ಛತ್ರಿ, ಚಪ್ಪಲಿ, ಒಣಮೀನಿನ ಡಬ್ಬಿ ಎಲ್ಲ ನೆರಳಾಗಿ ಕಂಡವು. ತಟ್ಟನೆ ಕಾರವಾರದ ನಮ್ಮ ಪಕ್ಕದ ಮನೆಯ ವಹಿನಿ ನೆನಪಾದರು… ವಹಿನಿ ಎಂದರೆ ಅತ್ತಿಗೆ. ನೆಂಟಸ್ತಿಕೆ ಏನೂ ಇರಲಿಲ್ಲ, ಕೇರಿಗೆಲ್ಲ ಅವರು ವಹಿನಿಯೇ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅವರ ಗಂಡ ಸರಕು ಹಡಗಿನಲ್ಲಿ ಅಡುಗೆಯವರು. ಒಂದು ಹಡಗಿನ ಕರಾರು ಮುಗಿಯಿತೆಂದರೆ ಟ್ರಂಕು ಕಟ್ಟುತ್ತಿದ್ದರು. ಊರಿಗೆ ಬರುವುದಾದರೆ ಇಳಿಯುವಾಗ ತೊಡುವ ಒಳ್ಳೆಯ ಅಂಗಿ ಎಲ್ಲಕ್ಕಿಂತ ಮೇಲೆ. ಇನ್ನೊಂದು ಹಡಗು ಹತ್ತುವುದಾದರೆ ಅಡುಗೆಮನೆಯ ಬಿಳಿ ಬಟ್ಟೆ ಮೇಲೆ. ಇದು ತಪ್ಪದ ರೂಢಿ. ಆ ಸಲ ಗಂಡ ಹೆಂಡತಿ ಫೋನಿನಲ್ಲಿ ಜಗಳವಾಡಿದ್ದರು. "ಈ ಸಲ ನಾ ಬರೂದಿಲ್ಲ" ಎಂದು ಗಂಡ ಫೋನಿಟ್ಟರಂತೆ. ಟ್ರಂಕಿಗೆ ಬೀಗ ಹಾಕಿದ ಮರುದಿನವೇ ಎದೆನೋವು ಬಂದು ಹೋಗಿಬಿಟ್ಟರು. ಎಷ್ಟೋ ತಿಂಗಳ ಮೇಲೆ ಆ ಟ್ರಂಕು ಹಾಗೇ ಗೋವಾದ ಬಂದರಿಗೆ ಬಂತು.

ಬಿಡಿಸಿಕೊಂಡು ಬರಲು ವಹಿನಿ, ಅಂಕೋಲೆಯಿಂದ ಬಂದ ಅವರ ಅಣ್ಣ, ಹಿಂದಿ ಬರುತ್ತದೆಂಬ ತಪ್ಪಿಗೆ ನಾನು, ಮೂವರೂ ಕಾಳಿ ನದಿಯ ಸೇತುವೆ ದಾಟಿ ಹೋದೆವು. ಸುಂಕದ ಗುಮಾಸ್ತ ಎರಡು ದಾರಿ ಹೇಳಿದ. ಒಳಗೊಯ್ದು ಅವರೇ ಟ್ರಂಕು ಬಿಚ್ಚಿ ನೋಡಿದರೆ ಮಾಮೂಲಿ ಶುಲ್ಕ. ನಾವು ಬಾಗಿಲಾಚೆ ನಿಲ್ಲಬೇಕು. ಯಂತ್ರದಲ್ಲಿ ಹಾಯಿಸಬೇಕೆಂದರೆ ಅದಕ್ಕೆ ಬೇರೆ ಶುಲ್ಕ, ಸರದಿಯೂ ಕಾಯಬೇಕು.

"ಬಿಚ್ಚಿ ನೋಡ್ಲಿ, ಹೋಗ್ವ ತಂಗಿ. ಸುಮ್ನೆ ದಂಡ ಎಂತಕ್ಕೆ?" ಅಂದರು ಅಣ್ಣ.

"ಅವ್ರು ಕೈ ಹಚ್ಚಿದ್ರೆ ಮೇಲಿಂದು ಕೆಳ್ಗೆ ಆಗ್ತದೆ. ಮತ್ತೆ ಇವ್ರು ಬರೋರಿದ್ರಾ ಇಲ್ವಾ ಹೇಳಿ ನಂಗೆ ಯಾರು ಹೇಳ್ತಾರು? ಕೈ ಹಚ್ಚದ್ದಕ್ಕೂ ಫೀ ಇದ್ರೆ ನಾ ಕಟ್ತೆ."

ಕಟ್ಟಿಯೇ ಬಿಟ್ಟರು. ಊಟವಿಲ್ಲದೆ ಸರದಿ ಕಾಯುತ್ತ ಕೂತ ನನಗೆ ಈ ಹಠದ ಮೇಲೆ ಸಿಟ್ಟೇ ಬಂದಿತ್ತು. ಸರದಿ ಬಂದಾಗ ಬೇರೆಯೇ ಪೇಚು. ಪರದೆಯ ನಡುವೆ ಗುಂಡನೆಯದೊಂದು ಕಪ್ಪು ಗಡ್ಡೆ. ಇದೇನೆಂದು ತಿಳಿಯದು, ಬಿಚ್ಚಲೇಬೇಕು ಎಂದರು ಅಧಿಕಾರಿ.

ವಹಿನಿ ಪರದೆಗೆ ಮುಖ ಹಚ್ಚಿ ನೋಡಿದರು. ನೋಡಿದ್ದೇ ಕೊಂಕಣಿಯಲ್ಲಿ ಜೋರು ಮಾಡಿದರು: ಅದು ನಮ್ಮನೆಯ ಅರೆಯುವ ಕಲ್ಲು, ಮಿಕ್ಸಿಯ ಮಸಾಲೆ ಹಾಕಿದ ಮೀನುಸಾರು ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಕಲ್ಲಿಲ್ಲದೆ ಅವರು ಯಾವ ಹಡಗನ್ನೂ ಹತ್ತಿದವರಲ್ಲ! ಅಧಿಕಾರಿ ಅಲ್ಲಿಯವರೇ. ಜೋರಾಗಿ ನಕ್ಕರು. ತಮ್ಮ ಮಾವನೂ ಹಡಗಿಗೆ ಕಲ್ಲು ಹೊತ್ತವನೇ ಎಂದು ಕೊಂಕಣಿಯಲ್ಲೇ ಹೇಳಿ ಮೊಹರು ಒತ್ತಿದರು.

ಮನೆಗೆ ಬಂದು ವಹಿನಿ ಮುಚ್ಚಳ ಎತ್ತಿದರು. ಮೇಲೆ ನೀಲಿ ಗೆರೆಯ ಅಂಗಿ… ಇಸ್ತ್ರಿ ಕೂಡ ಮುರಿದಿರಲಿಲ್ಲ.

"ನೋಡು ಅಣ್ಣ, ಬರೋರೇ ಇದ್ರು" ಅಂದರು. ಸಾವಿನ ಸುದ್ದಿ ಬಂದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ವಹಿನಿಯೂ ಹೋದರು. ಅಂಕೋಲೆ ಪೇಟೆಯಲ್ಲಿ ಸಿಕ್ಕಾಗಲೆಲ್ಲ ಅವರ ಅಣ್ಣ ಈಗಲೂ ಆ ಫೀ ದಂಡವೇ ಎನ್ನುತ್ತಾರೆ. ಎನ್ನುತ್ತ ನನ್ನ ಮುಖ ನೋಡುತ್ತಾರೆ. ಎದುರು ನಿಂತು ವಾದಿಸಬೇಕಾದವರೇ ಈಗ ಇಲ್ಲ.