ಉಪ್ಪು ಬಯಲಿನ ಕೆಂಪು ಪಟ್ಟಿಗಳು

ವಿನ್ಸೆಂಟರೇ, ಆ ಕೆಂಪು ಬಟ್ಟೆಯ ಪಟ್ಟಿಗಳನ್ನು ಬಿಚ್ಚಿ ಬೇರೆ ಕಡೆ ಕಟ್ಟಿದ್ದು ನಾನು. ನಿಮ್ಮ ಮನೆಯಾಕೆ ಲಿಲ್ಲಿ ಬಾಯಿಯ ಮೊಣಕಾಲು ಹೋದದ್ದು ನನ್ನಿಂದ. ನಿಮ್ಮ ಕೈತಪ್ಪು ಎಂದು ಎಲ್ಲರೂ ನಂಬಿದರು, ನೀವೂ ನಂಬಿದಿರಿ — ನಾನು ನೋಡುತ್ತಲೇ ಇದ್ದೆ, ಬಾಯಿ ಬಿಡಲಿಲ್ಲ.

ಊರವರ ಸಂಘದ ಸಂಚಿಕೆಗೆ ನಮ್ಮ ಶುಕ್ರವಾರದ ನಡಿಗೆಯ ಬಗ್ಗೆ ಹೊಸಬರಿಗೆ ನಾಲ್ಕು ಸಲಹೆ ಬರೆದುಕೊಡಿ ಎಂದು ಕೇಳಿದ್ದರು. ಸಲಹೆ ಕೊಡುವುದೆಂದರೆ ನನಗೆ ಊಟಕ್ಕಿಂತ ಇಷ್ಟ, ನಿಮಗೆ ಗೊತ್ತಲ್ಲ. ಕುಳಿತೆ. ಸುಲಭದ ದಾರಿ, ಎಲ್ಲೂ ಏರಿಲ್ಲ, ಹೊರಟಲ್ಲಿಗೇ ಬಂದು ಸೇರುತ್ತದೆ, ಮಕ್ಕಳೂ ವಯಸ್ಸಾದವರೂ ನಡೆಯಬಹುದು — ಅಷ್ಟು ಬರೆದೆ. ಮುಂದಿನ ಸಾಲು ‘ಗುರುತಿನ ಪಟ್ಟಿಗಳನ್ನು ನಂಬಿ ನಡೆಯಿರಿ’ ಎಂದಾಗಬೇಕಿತ್ತು. ಕೈ ಏಳಲಿಲ್ಲ. ಸಲಹೆ ಅಲ್ಲಿಗೇ ನಿಂತಿತು. ಅದೇ ಸಂಚಿಕೆಗೆ ಈಗ ಇದನ್ನು ಬರೆಯುತ್ತಿದ್ದೇನೆ.

ದಾರಿ ನಿಮಗೆ ಅಂಗೈಯಷ್ಟು ಪರಿಚಯ, ಓದುವ ಹೊಸಬರಿಗೆ ಇಲ್ಲ. ದೋಹಾದಿಂದ ಉತ್ತರಕ್ಕೆ, ಕಡಲಂಚಿನಲ್ಲಿ, ಮೊದಲು ಗಿಡ್ಡ ಪೊದೆಗಳ ಚಪ್ಪಟೆ ಬಯಲು. ಆಮೇಲೆ ಸಬ್ಖಾ — ಮೇಲೆ ಬಿಳಿ ಉಪ್ಪಿನ ತೊಗಟೆ, ಅಡಿಯಲ್ಲಿ ಕರಿ ಕೆಸರು. ಅದರ ಅಂಚು ಹಿಡಿದು ಬಲಕ್ಕೆ ಸುತ್ತಿದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಕೊನೆಗೆ ಪೈಪಿನಲ್ಲಿ ನೀರುಣಿಸಿ ಸಾಲಾಗಿ ಬೆಳೆಸಿದ ಜಾಲಿ ಮರಗಳ ತೋಪು. ತೋಪಿನಾಚೆ ನಮ್ಮ ಕಾರುಗಳು. ಬಯಲಿನಲ್ಲಿ ಒಂದು ಪೊದೆಯ ಹಾಗೆಯೇ ಇನ್ನೊಂದು, ದಿಕ್ಕು ತಿಳಿಯುವುದಿಲ್ಲ. ಅದಕ್ಕೇ ನೀವು ಗುರುವಾರ ಆಫೀಸು ಬಿಟ್ಟು ನೇರ ಅಲ್ಲಿಗೆ ಹೋಗಿ, ದಾರಿಯುದ್ದಕ್ಕೂ ಕೆಂಪು ಪಟ್ಟಿ ಕಟ್ಟಿ ಬರುತ್ತಿದ್ದಿರಿ. ಪಟ್ಟಿ ಅಂದರೆ ಉಮ್ಮ್ ಸಲಾಲಿನ ನನ್ನ ಅಂಗಡಿಯಲ್ಲಿ ಉಳಿದ ಪರದೆ ಬಟ್ಟೆಯ ಚೂರುಗಳು. ಬೆಳಿಗ್ಗೆ ಎಲ್ಲರಿಗಿಂತ ಮುಂದೆ ನಾನು, ನಡುವೆ ಹೆಂಗಸರು ಮಕ್ಕಳು, ಕೊನೆಯಲ್ಲಿ ನೀವು — ಪಟ್ಟಿ ಬಿಚ್ಚಿಕೊಳ್ಳುತ್ತ, ಯಾರೂ ಹಿಂದುಳಿಯದ ಹಾಗೆ ನೋಡಿಕೊಳ್ಳುತ್ತ.

ಶುಕ್ರವಾರ ನಮಗೆ ಪಳ್ಳಿಯಲ್ಲಿ ಜುಮಾ ನಮಾಜು. ಇಲ್ಲಿ ನಿಮ್ಮ ಇಗರ್ಜಿಯ ಪೂಜೆಯೂ ಅಂದೇ. ವಾಪಸಾಗುವಾಗ ಎಲ್ಲರಿಗೂ ಅವಸರ. ಆ ಅವಘಡದ ಹಿಂದಿನ ವಾರ ತಡವಾದಾಗ, ಹಮೀದಾಕನ ಹಿಂದೆ ನಡೆದರೆ ಪಳ್ಳಿಯೂ ಇಲ್ಲ ಇಗರ್ಜಿಯೂ ಇಲ್ಲ ಎಂದು ಯಾರೋ ನನ್ನನ್ನು ನೋಡಿ ನಗೆಯಾಡಿದ್ದರು. ಅದು ಚುಚ್ಚಿಕೊಂಡೇ ಇತ್ತು. ಬಟ್ಟೆಯ ಮೂಟೆ ಹೊತ್ತು ಶುರು ಮಾಡಿ ಸ್ವಂತ ಅಂಗಡಿ ಕಂಡವನು ನಾನು. ಹೇಳಿದ ಬೆಲೆಗೆ ಏನನ್ನೂ ಕೊಂಡವನಲ್ಲ. ದಾರಿಯ ಉದ್ದವನ್ನೂ ಹೇಳಿದಷ್ಟಕ್ಕೇ ಒಪ್ಪುವುದು ನನ್ನಿಂದಾಗಲಿಲ್ಲ.

ಆ ಶುಕ್ರವಾರ ಸಬ್ಖಾದ ಅಂಚಿಗೆ ಬಂದೆ. ತೋಪು ಎದುರಿಗೇ ಕಾಣುತ್ತಿತ್ತು. ನಿಮ್ಮ ಪಟ್ಟಿಗಳು ಬಲಕ್ಕೆ ತಿರುಗಿದ್ದವು. ಆ ವಾರ ಮಳೆ ಬಿದ್ದಿತ್ತು, ಆದರೆ ನೆಲ ಬೆಳ್ಳಗೆ ಒಣಗಿ ಕಂಡಿತು. ಬೇಸಗೆಯ ಗದ್ದೆಗಳಿಗೆ ಅಡ್ಡ ಹಾಯ್ದು ಬೆಳೆದ ಕಾಲು — ಒಣಗಿದ್ದೆಲ್ಲ ಗಟ್ಟಿ ಎಂದೇ ಅದಕ್ಕೆ ಗೊತ್ತು. ಇಟ್ಟು ನೋಡಿದೆ, ತಡೆಯಿತು. ತಿರುವಿನ ಪಟ್ಟಿಗಳನ್ನು ಬಿಚ್ಚಿದೆ. ನೇರಕ್ಕೆ, ಅಲ್ಲಲ್ಲಿ ಇದ್ದ ಉಪ್ಪುಗಿಡಗಳಿಗೆ ಕಟ್ಟುತ್ತ ದಾಟಿಬಿಟ್ಟೆ.

ನೀವು ತುಂಬಾ ಹಿಂದೆ ಇದ್ದಿರಿ, ಕೇಳಲು ಆಗಲಿಲ್ಲ — ಇಲ್ಲ, ಅದು ನೆಪ. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ.

ನನ್ನ ಹಿಂದೆ ಮಕ್ಕಳು ದಾಟಿದರು. ಹೆಂಗಸರು ಕೆಲವರು ದಾಟಿದರು. ಅಷ್ಟು ಜನರ ಕಾಲಿಗೆ ತೊಗಟೆ ಸಡಿಲಾಗಿರಬೇಕು. ಲಿಲ್ಲಿ ಬಾಯಿ ಕಾಲಿಟ್ಟಾಗ ಒಡೆಯಿತು. ಒಂದು ಕಾಲು ತೊಡೆಯವರೆಗೆ ಇಳಿಯಿತು. ಮೈ ಒಂದು ಕಡೆ ತಿರುಗಿತು, ಕಾಲು ತಿರುಗಲಿಲ್ಲ. ಶಾಲು ಹಿಡಿದು ಎಳೆದೆವು. ಆ ಕೆಸರಿನ ಕೊಳೆತ ಮೊಟ್ಟೆಯಂಥ ವಾಸನೆ ಈಗಲೂ —

ನೀವು ಓಡಿಬಂದಿರಿ. ಅವರನ್ನು ಎತ್ತಿ ಕೂರಿಸಿದ ಮೇಲೆ ಎದ್ದು ನಿಂತು, ಕೆಂಪು ಪಟ್ಟಿಗಳ ಸಾಲನ್ನು ಒಮ್ಮೆ ನೋಡಿದಿರಿ. ಮುಖ ಬಿಳುಚಿತ್ತು.

“ಮುಸ್ಸಂಜೆ ಆಗಿತ್ತು ನಿನ್ನೆ... ನಾನು ಇಲ್ಲಿ ಕಟ್ಟಿದ್ನಾ, ಹಮೀದಾಕ?”

ಆಗಲೇ ಹೇಳಬೇಕಿತ್ತು. ಬಾಯಲ್ಲಿ ಮಾತಿತ್ತು. ನಾನು ಹೇಳಿದ್ದೇನು?

“ಆದದ್ದು ಆಯ್ತು ವಿನ್ಸೆಂಟ್ ಪೊರ್ಬುಗಳೇ. ಇನ್ನು ಮೇಲೆ ಬೆಳಕಿರುವಾಗ್ಲೇ ಕಟ್ಟಿ.”

ಸಲಹೆ. ಅಲ್ಲಿಯೂ ಸಲಹೆ.

ಮತ್ತೊಂದು ಇದೆ. ನಿಮ್ಮ ಗಂಟು ಬಿಗಿಯಾದ ಎರಡು ಗಂಟು. ನನ್ನದು ಅಂಗಡಿಯವರ ಗಂಟು, ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಗ್ಗಿ ನೋಡಿದ್ದರೆ ನಿಮಗೆ ತಿಳಿದುಬಿಡುತ್ತಿತ್ತು. ನೀವು ಲಿಲ್ಲಿ ಬಾಯಿಯನ್ನು ಕಾರಿಗೆ ಒಯ್ಯುತ್ತಿದ್ದಾಗ ನಾನು ಒಂದೊಂದಾಗಿ ತುದಿ ಎಳೆದು ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಅದು ಗಾಬರಿಯಲ್ಲಿ ಮಾಡಿದ ಕೆಲಸ ಎನ್ನಲಾರೆ.

ಆಪರೇಷನ್ ಆಯಿತು. ಕಾಲು ಪೂರ್ತಿ ಮಡಚುವಂತಾಗಲಿಲ್ಲ. ನೀವು ಮತ್ತೆ ಪಟ್ಟಿ ಕಟ್ಟಲಿಲ್ಲ. ಹಮೀದಾಕನ ಕಣ್ಣು ಚುರುಕು, ಅವರೇ ಕಟ್ಟಲಿ ಎಂದಿರಿ. ನಾನು ಕಟ್ಟಿದೆ, ಹೊಗಳಿಸಿಕೊಂಡೆ ಕೂಡ. ಕೂಟಗಳಲ್ಲಿ ಲಿಲ್ಲಿ ಬಾಯಿ, “ನಮ್ಮವರ ಹತ್ರ ಮಾತ್ರ ದಾರಿ ಕೇಳ್ಬೇಡಿ, ಸೀದಾ ಕೆಸರಿಗೇ ಕಳಿಸ್ತಾರೆ” ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ. ನೀವು ಮಾತ್ರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತೀರಿ.

ಕಳೆದ ವಾರ ಅಲ್ ಥುಮಾಮಾದ ನಿಮ್ಮ ಮನೆಗೆ, ನೀವಿಬ್ಬರೂ ಊರಿಗೆ ಮರಳುವ ಮುನ್ನದ ಬೀಳ್ಕೊಡುಗೆಯ ಊಟಕ್ಕೆ ಬಂದಿದ್ದೆ. ಸೋಫಾದಿಂದ ಏಳುವಾಗ ಲಿಲ್ಲಿ ಬಾಯಿ ಕರೆಯಲೇ ಇಲ್ಲ. ನಿಮ್ಮ ಕೈ ತಾನಾಗಿ ಅವರ ಮೊಣಕೈ ಕೆಳಗೆ ಹೋಯಿತು. ನನ್ನನ್ನು ಲಿಫ್ಟಿನವರೆಗೆ ಬಿಡಲು ಬಂದವರು ಮೆಲ್ಲನೆ ಹೇಳಿದಿರಿ:

“ಊರಿನ ಮನೆಯ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸ್ತಾ ಇದ್ದೇನೆ. ನಾನು ಕಟ್ಟಿದ ಆ ಬಟ್ಟೆಗೆ... ಅಷ್ಟಾದ್ರೂ ಮಾಡ್ಬೇಕಲ್ಲ.”

ನಾನು ಏನಂದೆ ನೆನಪಿದೆಯೇ? ಜಾರದ ಟೈಲ್ಸ್ ಹಾಕಿಸಿ ಅಂದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲಾಗಲಿಲ್ಲ.

ಇದು ಅಚ್ಚಾಗುವ ಮೊದಲು ನಿಮ್ಮ ಮನೆಗೆ ಬರುತ್ತೇನೆ. ಲಿಲ್ಲಿ ಬಾಯಿಯೂ ಇರಬೇಕು. ಕೂರಿ ಅಂದರೂ ಕೂರುವುದಿಲ್ಲ, ನಿಂತೇ ಹೇಳುತ್ತೇನೆ. ಶುಕ್ರವಾರ ಆ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಮತ್ತೊಮ್ಮೆ ಹೇಳುತ್ತೇನೆ. ಇಷ್ಟು ದಿನ ನಗಬೇಕಿದ್ದದ್ದು ಯಾರನ್ನು ನೋಡಿ ಎಂದು ಅವರಿಗೂ ತಿಳಿಯಲಿ. ಆಮೇಲೆ ನನ್ನನ್ನು ಮುಂದೆ ನಡೆಸುವುದು ಬಿಡುವುದು ಅವರಿಗೆ ಬಿಟ್ಟದ್ದು. ನೀವು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಿ. ಸಿಟ್ಟಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಎಂದು ಈ ಒಂದು ಸಲ ನಾನು ಚೌಕಾಶಿ ಮಾಡುವುದಿಲ್ಲ.

ಇಳಿಜಾರು ಮಾಡಿಸಿ, ವಿನ್ಸೆಂಟರೇ — ಹೆಂಡತಿಯ ಮೇಲಿನ ಪ್ರೀತಿಗೆ ಮಾಡಿಸಿ, ಆ ಬಟ್ಟೆಗಾಗಿ ಬೇಡ. ಆ ಸಂಜೆ ಮಬ್ಬು ಬೆಳಕಿನಲ್ಲಿ ನೀವು ಪಟ್ಟಿ ಕಟ್ಟಿದ್ದು ಸರಿಯಾದ ದಾರಿಗೇ. ಒಂದೂ ತಪ್ಪಿರಲಿಲ್ಲ.