ಜುಲೈ ತಿಂಗಳ ಚಿಪ್ಪು

ಫೂರ್ ದ್ವೀಪದ ದೋಣಿಯಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದ ಐವಿನ್ ತನ್ನನ್ನು 'ಫೋಟೋಗ್ರಾಫರ್' ಅಂತ ಕರೆದುಕೊಂಡರೆ ಮೊದಲು ನಗುವವನು ಅವನೇ. ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುವವರ ಸಂಘ ಸೇರಿ ಹತ್ತೊಂಬತ್ತು ವರ್ಷವಾದರೂ ಸಂಘದ ಕ್ಯಾಲೆಂಡರಿನಲ್ಲಿ ಅವನದೊಂದು ಚಿತ್ರವೂ ಬಂದಿಲ್ಲ. ಅಲ್ಲಿ ಎಡವಟ್ಟು ಮಾಡಿದವರು ಮುಂದಿನ ಸಭೆಗೆ ಕೇಕ್ ತರಬೇಕು. ಐವಿನ್ ದಯದಿಂದ ಸಂಘದವರೆಲ್ಲ ದಪ್ಪಗಾಗಿದ್ದರು. ಒಮ್ಮೆಯಂತೂ ಹೊಸ ಜೀವಿ ಸಿಕ್ಕಿತು ಅಂತ ಕುಣಿದಾಡಿಬಿಟ್ಟಿದ್ದ. ನೋಡಿದರೆ ಲೆನ್ಸಿನ ಮೇಲೆ ಕೂತ ಧೂಳು!

ಈ ಸಲ ಮಾತ್ರ ಅವನಿಗೆ ನಗು ಬರಲಿಲ್ಲ. ನೋಟದ ನಡುಭಾಗ ಮಸುಕಾಗುತ್ತಿದೆ, ಬರುವ ವರ್ಷಕ್ಕೆ ಸೂಕ್ಷ್ಮದರ್ಶಕ ಮರೆತುಬಿಡಿ ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಚಿತ್ರ ಕ್ಯಾಲೆಂಡರಿಗೆ ಸೇರಿದರೆ ಸಾಕಿತ್ತು.

ದ್ವೀಪದ ಬಿಳಿಮಣ್ಣಿನಲ್ಲಿ ಸಿಗುವ, ಡಯಾಟಮ್ ಅನ್ನುವ ಬರಿಗಣ್ಣಿಗೆ ಕಾಣದ ಪಾಚಿಯ ಚಿಪ್ಪು ಗಾಜಿನಷ್ಟು ತಿಳಿ. ಕಾಣಿಸುತ್ತಿಲ್ಲ ಅಂತ ಐವಿನ್ ಪ್ರಖರವಾದ ಎಲ್‌ಇಡಿ ದೀಪ ತಂದ. ಆಮೇಲೆ ಫ್ಲ್ಯಾಶ್ ತಂದ, ಹೊಸ ಕ್ಯಾಮೆರಾನೂ ತಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬೆಳಕು ಹೆಚ್ಚಿದಷ್ಟೂ ಚಿಪ್ಪು ಅದರಲ್ಲೇ ಕರಗಿಹೋಗುತ್ತಿತ್ತು.

ಕಾಫಿ ತಂದ ಹೆಂಡತಿ ರಾಗ್ನಾ, "ಅಯ್ಯೋ, ಇದೇನು ಸೂರ್ಯನ್ನೇ ತಂದಿಟ್ಟಿದ್ದೀಯಾ?" ಅಂತ ದೀಪದ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದಳು.

"ಅಡ್ಡ ಬರಬೇಡ್ವೇ, ತೆಗಿ ಕೈ!" ಅಂದವನು ಕ್ಯಾಮೆರಾದ ಪರದೆ ನೋಡಿ ಕಿರುಚಿದ, "ತೆಗೀಬೇಡ! ಉಸಿರಾಡ್ಲೂಬೇಡ!"

ಅರ್ಧ ಬೆಳಕು ಮರೆಯಾಗಿ, ಉಳಿದರ್ಧ ಓರೆಯಾಗಿ ಬಿದ್ದು, ಚಿಪ್ಪಿನ ಒಂದೊಂದು ತೂತೂ ಎದ್ದು ಕಾಣುತ್ತಿತ್ತು.

"ಕೈ ಸೋತುಹೋಯ್ತು ಮಾರಾಯ!"

"ಇನ್ನೊಂದೇ ಒಂದು!" ಅನ್ನುತ್ತಾ ನಲವತ್ತು ತೆಗೆದ.

ಕ್ಯಾಲೆಂಡರಿಗೆ ಚಿತ್ರ ಆರಿಸುವ ಸಭೆಯಲ್ಲಿ ಆ ಚಿತ್ರಕ್ಕೆ ಎಲ್ಲರ ಕೈಗಳೂ ಮೇಲೆದ್ದವು. ಕಾರ್ಯದರ್ಶಿ ತೋವೆ ಪೆನ್ನು ಹಿಡಿದು ಕೇಳಿದಳು, "ಬೆಳಕು ಹೇಗೆ ಕೊಟ್ಟೆ ಐವಿನ್?"

ದುಬಾರಿ ದೀಪದ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ "ರಾಗ್ನಾಳ ಹೆಬ್ಬೆರಳು," ಅಂದುಬಿಟ್ಟ.

ಎಲ್ಲರೂ ನಕ್ಕು ಮುಗಿಸಿದ ಮೇಲೆ ತೋವೆ, "ಬೆಳಕು ಕೊಟ್ಟವರದೇ ಚಿತ್ರ, ಗುಂಡಿ ಒತ್ತೋದು ಬೆಕ್ಕಿಗೂ ಬರುತ್ತೆ ಅಂತ ಜಗಳ ಆಡಿ ನಿಯಮ ಮಾಡ್ಸಿದ್ದು ಯಾರಪ್ಪಾ?" ಅಂದಳು.

"ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂದ ಐವಿನ್.

ಹೊಸ ವರ್ಷದ ಕ್ಯಾಲೆಂಡರಿನ ಜುಲೈ ಪುಟದಲ್ಲಿ ಚಿಪ್ಪಿನ ಚಿತ್ರ, ಅದರ ಕೆಳಗೆ ರಾಗ್ನಾಳ ಹೆಸರು ಬಂತು. ಐವಿನ್ ಜನವರಿಯಲ್ಲೇ ಕ್ಯಾಲೆಂಡರನ್ನು ಜುಲೈಗೆ ಮಗುಚಿ ಅಡುಗೆಮನೆಯಲ್ಲಿ ನೇತುಹಾಕಿದ.

"ತಿಂಗಳು ಸರಿಯಾಗಿ ಹಾಕೋ, ಹಲ್ಲಿನ ಡಾಕ್ಟರ ಹತ್ರ ಹೋಗೋ ದಿನ ತಪ್ಪಿಹೋಗುತ್ತೆ!" ಅಂತ ಬೈದಳು ರಾಗ್ನಾ.

"ಇರ್ಲಿ ಬಿಡೇ. ಉಳಿದಿರೋ ಕಣ್ಣನ್ನ ಫೆಬ್ರವರಿ ನೋಡೋಕೆ ಖರ್ಚು ಮಾಡಲ್ಲ ನಾನು."