ಹೊನ್ನೇಗೌಡ ಹುಟ್ಟಿದ ವರ್ಷ

ಇತಿಹಾಸ ಪಾಠ ಮಾಡಿ ನಿವೃತ್ತರಾದ ವೆಂಕಟಗಿರಿ ಮೇಷ್ಟ್ರಿಗೆ ಶ್ರೀಗಂಧದ ಕಾವಲ್‌ನ ತಮ್ಮ ಬಡಾವಣೆಯ ಪಾರ್ಕಿಗೆ ವಾಕಿಂಗ್ ಹೋಗುವುದೇ ಒಂದು ಶಿಕ್ಷೆಯಾಗಿತ್ತು. ಅಲ್ಲಿ ಹಳೆಯ ಶಾಸನದ ಪಕ್ಕದಲ್ಲೇ ಬಡಾವಣೆ ನಿವಾಸಿಗಳ ಸಂಘದವರು ನೆಟ್ಟ ಗ್ರಾನೈಟ್ ಕಲ್ಲು: ‘ಹೊನ್ನೇಗೌಡರ ಜನನ ಕ್ರಿ.ಶ. 1615. ಕಾಲನಿರ್ಣಯ: ಶ್ರೀ ವೆಂಕಟಗಿರಿ.’ ವರ್ಷ ತಪ್ಪು, ಕೆಳಗಿನ ಹೆಸರು ಮಾತ್ರ ಸರಿ.

ಮಗ ಹೊನ್ನೇಗೌಡ ಹುಟ್ಟಿದ ಖುಷಿಗೆ ಆಗಿನ ಊರಗೌಡ ಕೆರೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಹುಟ್ಟಿದ್ದು ಶಕವರ್ಷ 1537, ರಾಕ್ಷಸ ಸಂವತ್ಸರದ ರಥಸಪ್ತಮಿ. ಸಂಘದವರು ಕೇಳಿದಾಗ ಮೇಷ್ಟ್ರು ಕಾಫಿ ಹೀರುತ್ತಲೇ ಎಪ್ಪತ್ತೆಂಟು ಕೂಡಿಸಿ 1615 ಎಂದುಬಿಟ್ಟಿದ್ದರು. ಆದರೆ ನಮ್ಮ ವರ್ಷ ಶುರುವಾಗುವುದು ಯುಗಾದಿಗೆ. ರಥಸಪ್ತಮಿಯ ಮಾಘಮಾಸ ಬರುವಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಮುಂದಿನ ವರ್ಷಕ್ಕೆ ಕಾಲಿಟ್ಟಿರುತ್ತದೆ. ಅಂದರೆ 1616. ಇದೇ ತಪ್ಪಿಗೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ! ತಪ್ಪು ಗೊತ್ತಾದ ದಿನದಿಂದ ಅವರಿಗೆ ಊಟ ರುಚಿಸಲಿಲ್ಲ.

ಸರಿಪಡಿಸಿ ಎಂದು ಸಂಘದ ಅಧ್ಯಕ್ಷ ಚಕ್ರಪಾಣಿಯ ಬೆನ್ನು ಬಿದ್ದರು. ಆತ ಪ್ರತಿ ಸಲವೂ ನಕ್ಕು ಜಾರಿಕೊಂಡ. ಈ ವರ್ಷದ ರಥಸಪ್ತಮಿಯ ಬೆಳಿಗ್ಗೆ, ಹೊನ್ನೇಗೌಡರ ಜಯಂತಿಗೆಂದು ಶಾಮಿಯಾನ ಹಾಕಿಸುತ್ತಿದ್ದವನನ್ನು ಮೇಷ್ಟ್ರು ಮತ್ತೆ ಹಿಡಿದರು.

“ನಾನೂರು ವರ್ಷದ ಹಿಂದಿನ ಮಾತು ಸಾರ್. ಒಂದು ವರ್ಷ ಆಚೆ ಈಚೆ ಆದ್ರೆ ಯಾರು ಕೇಳ್ತಾರೆ?”

“ನಾನು ಕೇಳ್ತೀನಿ ಕಣ್ರೀ! ಹೆಸರು ನಂದು ಹಾಕಿದೀರಲ್ಲ!”

ಚಕ್ರಪಾಣಿ ಮೊಬೈಲ್ ಮುಂದೆ ಹಿಡಿದ. “ಇಲ್ನೋಡಿ ಸಾರ್, ಇಂಗ್ಲೆಂಡಲ್ಲಿ ಆಗ ಮಾರ್ಚ್ ಕೊನೇಲಿ ಹೊಸ ವರ್ಷ ಅಂತೆ. ಅವರ ಲೆಕ್ಕದಲ್ಲಿ ಅವತ್ತಿನ್ನೂ 1615. ನಿಮ್ಮ ಕಲ್ಲೇ ಕರೆಕ್ಟು!”

“ಹೊನ್ನೇಗೌಡ ಏನು ಲಂಡನ್ನಲ್ಲಿ ಹುಟ್ಟಿದ್ನೇನ್ರೀ?”

ಶಾಮಿಯಾನ ಕಟ್ಟುವವರೂ ನಕ್ಕರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವರೇ ಪೇಂಟ್ ಡಬ್ಬಕ್ಕಾಗಿ ಸ್ಟೂಲು ಹತ್ತಿ ಅಟ್ಟ ತಡಕಿದರು. ಹೆಂಡತಿ ಅಂಬುಜಮ್ಮ ಬಾಗಿಲಲ್ಲಿ ರಥದ ರಂಗೋಲಿ ಮುಗಿಸಿ ಒಳಗೆ ಬಂದರು.

“ಎಕ್ಕದೆಲೆ ಬಚ್ಚಲಲ್ಲಿ ಇಟ್ಟಿದೀನಿ, ರಥಸಪ್ತಮಿ ಸ್ನಾನ ಮಾಡಿ ಅಂದ್ರೆ ಪೇಂಟ್ ಯಾಕ್ರೀ?”

“ಕೊನೇ ಐದನ್ನ ನಾನೇ ಆರು ಮಾಡ್ತೀನಿ. ಒಬ್ಬ ಮನುಷ್ಯ ಹುಟ್ಟಿದ್ದು ಯಾವತ್ತು ಅಂತ ಸರಿಯಾಗಿ ಹೇಳೋದು ಬೇಡ್ವೇನೇ? ಒಬ್ರಿಗೂ ಬೇಕಿಲ್ಲ!”

ಅಂಬುಜಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ನಾನು ಹುಟ್ಟಿದ್ದು ಯಾವತ್ತು ರೀ?”

“ಜೂನ್ ಒಂದು. ವರ್ಷಾ ವರ್ಷಾ ಜಾಮೂನು ತರಲ್ವಾ?”

“ಅದು ಸ್ಕೂಲಿಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬರ್ಕೊಂಡಿದ್ದು. ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ವು. ನಮ್ಮಮ್ಮ ತಲೆ ಮೇಲೆ ಎಕ್ಕದೆಲೆ ಇಟ್ಕೊಂಡು ನೀರು ಹಾಕ್ಕೋತಿದ್ದಾಗ ನೋವು ಶುರುವಾಯ್ತಂತೆ. ಬಾಗಿಲ ರಥದ ರಂಗೋಲಿ ಒಣಗೋದ್ರೊಳಗೆ ನಾನು ಹುಟ್ಟಿದ್ದೆ.”

ಮೇಷ್ಟ್ರು ಸ್ಟೂಲಿನಿಂದ ಇಳಿದರು. ತಮ್ಮ ಮೇಲೇ ತಮಗೆ ಹೇಸಿಗೆಯಾಯಿತು.

“ಇವತ್ತಾ? ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಕಣೇ?”

“ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ನೀವು ಪರೀಕ್ಷೆ ಪೇಪರ್ ತಿದ್ದುತ್ತಾ ಇದ್ರಿ.”